ಕಂಚಿಯ ಕಂಬದ ಹಿಂದೆ ಕನ್ನಡ

ಪ್ರಶ್ನೆ: ಮಗಳ ಮದುವೆಗೆ ಸೀರೆ ತರಲು ಕಂಚಿಗೆ ಹೋಗಿದ್ದೆವು. ಅರ್ಧ ದಿನ ಬಿಡುವಿತ್ತು, ಕೈಲಾಸನಾಥ ದೇವಸ್ಥಾನ ನೋಡಿದೆವು. ಅಲ್ಲೊಂದು ಕನ್ನಡ ಶಾಸನ ಇದೆ ಎಂದು ಆಟೋದವರು ಹೇಳಿದರು, ಎಲ್ಲಿದೆ ಎಂದು ತೋರಿಸಲು ಅವರಿಗೂ ಗೊತ್ತಿರಲಿಲ್ಲ. ನಿಜವಾಗಲೂ ಇದೆಯಾ? ತಮಿಳರ ಹಳೇ ರಾಜಧಾನಿಯಲ್ಲಿ ಕನ್ನಡ ಶಾಸನ ಯಾಕೆ? ಕಂಚಿ ಎಷ್ಟು ಹಳೆಯ ಊರು? ರೇಷ್ಮೆಯಿಂದಲೇ ಊರು ಬೆಳೆದದ್ದಾ? (ಹಾಸನದ ಓದುಗರೊಬ್ಬರು)

ಉತ್ತರ:

ಇದೆ. ನೀವು ಅದರ ಪಕ್ಕದಲ್ಲೇ ಹಾದು ಹೋಗಿರುತ್ತೀರಿ.

ಮುಖ್ಯ ಗುಡಿಯ ಮುಂದಿನ ಮಂಟಪದಲ್ಲಿ, ಒಂದು ಕಂಬದ ಹಿಂಬದಿಯಲ್ಲಿ ಅದನ್ನು ಕೊರೆದಿದ್ದಾರೆ. ಒಳಗೆ ಬಂದವರ ಕಣ್ಣು ನೆಟ್ಟಗೆ ದೇವರ ಕಡೆ ಹೋಗುತ್ತದೆ. ಕಂಬದ ಬೆನ್ನು ಯಾರು ನೋಡುತ್ತಾರೆ? ನಾನು ಮೊದಲ ಸಲ ಹೋದಾಗಲೂ ಇದೇ ಕಥೆ. ಜೊತೆಗಿದ್ದ ಗೈಡ್ ಪ್ರಾಕಾರದ ಸಣ್ಣ ಗುಡಿಗಳ ಮೇಲಿನ ಬರಹ ತೋರಿಸಿ "ಇದೇ ಸಾರ್ ಕನ್ನಡ" ಅಂದ. ಅವು ಗುಡಿ ಕಟ್ಟಿಸಿದ ಪಲ್ಲವ ರಾಜನ ಬಿರುದುಗಳು. ರಣಜಯ, ಆಗಮಪ್ರಿಯ, ಶಂಕರಭಕ್ತ, ವೀಣಾನಾರದ ಅಂತೆಲ್ಲ ಇನ್ನೂರಕ್ಕೂ ಜಾಸ್ತಿ ಇವೆ. ತನ್ನನ್ನು ತಾನೇ ಇಷ್ಟು ಹೊಗಳಿಕೊಂಡ ರಾಜ ಇನ್ನೊಬ್ಬ ಸಿಗುವುದು ಕಷ್ಟ. ಗೈಡನ್ನು ದೂರಿ ಪ್ರಯೋಜನವಿಲ್ಲ, 8ನೇ ಶತಮಾನದ ಕನ್ನಡ ಲಿಪಿ ಇವತ್ತಿನ ನಮ್ಮ ಕಣ್ಣಿಗೂ ಕನ್ನಡದ ಹಾಗೆ ಕಾಣುವುದಿಲ್ಲ.

ಎರಡನೇ ಸಲ ಟಾರ್ಚ್ ಹಿಡಿದುಕೊಂಡು ಹೋದೆ. ಕಲ್ಲಿಗೆ ನೇರವಾಗಿ ಬೆಳಕು ಬಿಟ್ಟರೆ ಏನೂ ಕಾಣದು. ಟಾರ್ಚನ್ನು ಕಂಬಕ್ಕೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿಯಬೇಕು. ಆಗ ಕೊರೆದ ಗೆರೆಗಳಲ್ಲಿ ನೆರಳು ತುಂಬಿಕೊಂಡು ಅಕ್ಷರ ಒಂದೊಂದಾಗಿ ಎದ್ದು ನಿಲ್ಲುತ್ತದೆ. ಶಾಸನ ಓದುವವರೆಲ್ಲ ಮೊದಲು ಕಲಿಯುವ ಉಪಾಯ ಇದು.

ಅದರಲ್ಲಿ ಏನು ಬರೆದಿದೆ ಅಂದರೆ, ಬಾದಾಮಿ ಚಾಲುಕ್ಯರ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ, ಈ ರಾಜಸಿಂಹೇಶ್ವರ ದೇವರ ಸಂಪತ್ತನ್ನು ಕಿತ್ತುಕೊಳ್ಳಲಿಲ್ಲ, ದೇವರಿಗೇ ಬಿಟ್ಟುಕೊಟ್ಟ. ಇದು 733ರಿಂದ ಸುಮಾರು 745ರವರೆಗೆ ಆಳಿದ ಇಮ್ಮಡಿ ವಿಕ್ರಮಾದಿತ್ಯ. ರಾಜಸಿಂಹೇಶ್ವರ ಎಂಬುದು ಇವತ್ತಿನ ಕೈಲಾಸನಾಥ ಗುಡಿಯ ಹಳೇ ಹೆಸರು. ಅದನ್ನು ಕಟ್ಟಿಸಿದ್ದು ಇಮ್ಮಡಿ ನರಸಿಂಹವರ್ಮ, ಅಂದರೆ ರಾಜಸಿಂಹ, 8ನೇ ಶತಮಾನದ ಆರಂಭದಲ್ಲಿ. ಚಾಲುಕ್ಯ ಸೈನ್ಯ ಊರೊಳಗೆ ಬಂದಾಗ ಗುಡಿಗೆ ಇನ್ನೂ ಐವತ್ತು ವರ್ಷವೂ ತುಂಬಿರಲಿಲ್ಲ.

ಇಷ್ಟನ್ನು ಗೈಡ್ ಪುಸ್ತಕಗಳೂ ಹೇಳುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಸನದ ಕೊನೆಯ ಸಾಲು. ದಾನಶಾಸನದ ಕೊನೆಯಲ್ಲಿ ಒಂದು ಶಾಪ ಇರುತ್ತದೆ, ನಿಮಗೆ ಗೊತ್ತಿರಬಹುದು. ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಎನ್ನುವುದು ನಮ್ಮ ಕಡೆಯ ಮಾಮೂಲಿ ಮಾತು. ಕಂಚಿಯ ಕಂಬದಲ್ಲಿ ಹಸುವೂ ಇಲ್ಲ, ವಾರಣಾಸಿಯೂ ಇಲ್ಲ. ಈ ಅಕ್ಷರಗಳನ್ನೂ ಈ ದಾನವನ್ನೂ ಕೆಡಿಸಿದವನು, ಈ ಊರಿನ ಘಟಿಕೆಯ ಮಹಾಜನರನ್ನು ಕೊಂದವರು ಹೋಗುವ ಲೋಕಕ್ಕೆ ಹೋಗಲಿ ಎಂದಿದೆ. ಗೆದ್ದವನು ದೂರದ ಬಾದಾಮಿಯವನು, ಭಾಷೆ ಕನ್ನಡ. ಆದರೆ ಹೆದರಿಸಲು ಹಿಡಿದ ಹೆಸರು ಮಾತ್ರ ಕಂಚಿಯ ವಿದ್ವಾಂಸರದ್ದು.

ಹಾಗಾದರೆ ಈ ಘಟಿಕೆ ಅಂದರೆ ಏನು? ನನ್ನ ಪ್ರಕಾರ ಕಂಚಿಯ ಬೀಗದ ಕೈ ಇರುವುದೇ ಇಲ್ಲಿ.

ಘಟಿಕೆ ಎಂದರೆ ವೇದ ಶಾಸ್ತ್ರ ಕಲಿತವರ, ಕಲಿಸುವವರ ಕೂಟ. ಅದನ್ನು ವಿಶ್ವವಿದ್ಯಾಲಯ ಅಂತ ಕರೆಯುವ ಚಾಳಿ ಇದೆ. ಕೇಳಲು ಚೆನ್ನಾಗಿದೆ, ಆದರೆ ಆ ಪದದಿಂದ ನಮ್ಮ ತಲೆಯಲ್ಲಿ ಕಟ್ಟಡ, ಕಾಂಪೌಂಡು, ಹಾಸ್ಟೆಲ್ಲು ಮೂಡುತ್ತವೆ. ಶಾಸನಗಳು ಘಟಿಕೆ ಎಂದಾಗ ಜನರನ್ನು ತೋರಿಸುತ್ತವೆ.

ಕನ್ನಡಿಗರಿಗೆ ಈ ಘಟಿಕೆಯ ಪರಿಚಯ ಇದ್ದೇ ಇದೆ, ಮಯೂರನ ಕಥೆಯಲ್ಲಿ. ಸಿನಿಮಾದ ಮಯೂರನನ್ನು ಸ್ವಲ್ಪ ಪಕ್ಕಕ್ಕಿಡಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಎದುರು ಒಂದು ಕಲ್ಲಿನ ಕಂಬ ಇದೆ. 5ನೇ ಶತಮಾನದಲ್ಲಿ ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಕಾವ್ಯ ಅದರ ಮೇಲಿದೆ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಪಲ್ಲವರ ರಾಜಧಾನಿಗೆ ಹೋದ, ವೇದವನ್ನು ಪೂರ್ತಿ ಕಲಿಯಬೇಕೆಂದು ಘಟಿಕೆಗೆ ಸೇರಿದ ಎಂದು ಅದು ಹೇಳುತ್ತದೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳ ಆಯಿತು. ಕಲಿಗಾಲದಲ್ಲಿ ಬ್ರಾಹ್ಮಣ್ಯ ಕ್ಷತ್ರಿಯರ ಮುಂದೆ ಇಷ್ಟು ಬಡವಾಯಿತಲ್ಲ ಎಂದು ಅವನಿಗೆ ಉರಿದುಹೋಯಿತು. ಮುಂದಿನ ಪದ್ಯ ಸೊಗಸಾಗಿದೆ. ದರ್ಭೆ, ಸಮಿತ್ತು, ತುಪ್ಪ, ಹೋಮದ ಸೌಟು ಹಿಡಿದು ಪಳಗಿದ ಕೈಯಲ್ಲಿ ಹೊಳೆಯುವ ಕತ್ತಿ ಹಿರಿದ ಎನ್ನುತ್ತಾನೆ ಕವಿ. ಹಾಗೆ ಹಿರಿದ ಕತ್ತಿಯಿಂದ 4ನೇ ಶತಮಾನದಲ್ಲಿ ಬನವಾಸಿಯ ಕದಂಬ ರಾಜ್ಯ ಹುಟ್ಟಿತು. ಕರ್ನಾಟಕದ ಮಣ್ಣಿನ ಮೊದಲ ದೊಡ್ಡ ರಾಜವಂಶಕ್ಕೆ ಕಾರಣ ಕಂಚಿಯಲ್ಲಿ ಓದುವ ಹುಡುಗನಿಗೆ ಆದ ಅವಮಾನ. ಶಿವಮೊಗ್ಗದ ಕಾಡಿನ ಕಡೆಯಿಂದ ಕಂಚಿಯವರೆಗೆ ಓದಲು ನಡೆದು ಹೋಗುತ್ತಿದ್ದರು ಅಂದರೆ ಆ ಊರಿನ ಹೆಸರು ಎಷ್ಟಿತ್ತು ಯೋಚಿಸಿ.

ಘಟಿಕೆಯವರು ಸುಮ್ನೆ ಪಾಠ ಹೇಳಿಕೊಂಡು ಕೂತವರೂ ಅಲ್ಲ. ಕಂಚಿಯಲ್ಲೇ ವೈಕುಂಠ ಪೆರುಮಾಳ್ ದೇವಸ್ಥಾನ ಇದೆ, ನೀವು ಬಹುಶಃ ನೋಡಿಲ್ಲ. ಅದರ ಪೌಳಿಯ ಗೋಡೆ ಉದ್ದಕ್ಕೂ ಪಲ್ಲವರ ಕಥೆಯನ್ನು ಚೌಕ ಚೌಕವಾಗಿ ಕೆತ್ತಿದ್ದಾರೆ, ಕೆಲವು ಕಡೆ ಕೆಳಗೆ ತಮಿಳಿನಲ್ಲಿ ವಿವರಣೆಯೂ ಇದೆ. ಸುಮಾರು 731ರಲ್ಲಿ ಗಾದಿಗೆ ವಾರಸುದಾರರಿಲ್ಲದೆ ಹೋದಾಗ ಊರಿನ ಮುಖ್ಯಸ್ಥರು, ವ್ಯಾಪಾರಿ ನಗರತ್ತಾರರು ಮತ್ತು ಘಟಿಕೆಯವರು ಸೇರಿ ಪಲ್ಲವರ ಇನ್ನೊಂದು ಕವಲಿನ ಹಿರಣ್ಯವರ್ಮನ ಹತ್ತಿರ ಹೋದರು. ಅವನಿಗೆ ನಾಲ್ಕು ಮಕ್ಕಳು. ದೊಡ್ಡವರು ಮೂವರೂ ಒಲ್ಲೆ ಅಂದರು. ಕೊನೆಯವನು, 12 ವರ್ಷದ ಪಲ್ಲವಮಲ್ಲ, ನಾನು ಹೋಗುತ್ತೇನೆ ಎಂದ. ಅಪ್ಪನಿಗೆ ಅಳುಕು, ಹುಡುಗನಿಗೆ ಹಟ. ಬೆಟ್ಟ ಹೊಳೆ ಕಾಡು ದಾಟಿಸಿ ಕರೆತಂದು ನಂದಿವರ್ಮ ಎಂದು ಪಟ್ಟ ಕಟ್ಟಿದರು. ಅವನು ಅರವತ್ತಕ್ಕೂ ಜಾಸ್ತಿ ವರ್ಷ ಆಳಿದ. ಈ ಗುಡಿ ಕಟ್ಟಿಸಿ, ತನ್ನನ್ನು ಆರಿಸಿದವರ ಕಥೆಯನ್ನು ಗೋಡೆ ಮೇಲೆ ಕೆತ್ತಿಸಿದವನೂ ಅವನೇ.

ವಿಕ್ರಮಾದಿತ್ಯ ಕಂಚಿಗೆ ನುಗ್ಗಿದಾಗ ಓಡಿಹೋದದ್ದು ಇದೇ ನಂದಿವರ್ಮ. ಈಗ ಕಂಬದ ಶಾಪವನ್ನು ಮತ್ತೆ ಓದಿ. ಊರಿನ ರಾಜ ಓಡಿಹೋಗಿದ್ದಾನೆ, ಆದರೆ ಅವನನ್ನು ಕರೆತಂದು ಕೂರಿಸಿದವರು ಊರಲ್ಲೇ ಇದ್ದಾರೆ. ಗೆದ್ದವನಿಗೆ ಯಾರ ಜೊತೆ ಮರ್ಯಾದೆಯಿಂದ ನಡೆದುಕೊಳ್ಳಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು.

ಇನ್ನು ನಿಮ್ಮ 'ಯಾಕೆ'. ವಿಕ್ರಮಾದಿತ್ಯನಿಗೆ ಕಂಚಿಯ ಮೇಲೆ ಸಿಟ್ಟಿರಲು ನೂರು ವರ್ಷದ ಕಾರಣ ಇತ್ತು. ಅವನ ಮುತ್ತಜ್ಜನ ಅಪ್ಪ ಇಮ್ಮಡಿ ಪುಲಕೇಶಿ ಪಲ್ಲವರ ಮಹೇಂದ್ರವರ್ಮನನ್ನು ಕಂಚಿಯ ಕೋಟೆಯ ಹಿಂದೆ ಅಟ್ಟಿದ್ದ. ಚಾಲುಕ್ಯ ಸೈನ್ಯದ ಧೂಳಿನಲ್ಲಿ ಪಲ್ಲವನ ತೇಜಸ್ಸು ಮರೆಯಾಯಿತು ಎಂದು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಬರೆದ. ಮಹೇಂದ್ರನ ಮಗ ಒಂದನೇ ನರಸಿಂಹವರ್ಮ ಅದಕ್ಕೆ ಬಡ್ಡಿ ಸಮೇತ ತೀರಿಸಿದ. 642ರಲ್ಲಿ ಬಾದಾಮಿಯನ್ನೇ ಹಿಡಿದ, ವಾತಾಪಿಕೊಂಡ, ಅಂದರೆ ಬಾದಾಮಿ ಗೆದ್ದವನು, ಎಂದು ಹೆಸರಿಟ್ಟುಕೊಂಡ, ಬಾದಾಮಿಯ ಬಂಡೆಯ ಮೇಲೆ ತನ್ನ ಶಾಸನ ಕೊರೆಸಿದ. ಒಡೆದುಹೋದ ಆ ಸಾಲುಗಳು ಇವತ್ತಿಗೂ ಅಲ್ಲಿವೆ. ನಮ್ಮ ರಾಜಧಾನಿಯಲ್ಲಿ ಅವರ ಬರಹ, ಅವರ ರಾಜಧಾನಿಯಲ್ಲಿ ನಮ್ಮ ಬರಹ. ಕಂಚಿಯ ಕಂಬವನ್ನು ಬಾದಾಮಿಯ ಬಂಡೆಗೆ ಕೊಟ್ಟ ಉತ್ತರ ಎಂದು ಓದಿದರೆ ತಪ್ಪಾಗದು.

ಕೋಲಾರ ಜಿಲ್ಲೆಯ ವಕ್ಕಲೇರಿಯಲ್ಲಿ ಸಿಕ್ಕ 757ರ ತಾಮ್ರಪಟಗಳು ಈ ದಂಡಯಾತ್ರೆಯ ಕಥೆ ಹೇಳುತ್ತವೆ. ಅವನ್ನು ಬರೆಸಿದ್ದು ವಿಕ್ರಮಾದಿತ್ಯನ ಮಗ ಕೀರ್ತಿವರ್ಮ. ಪಲ್ಲವನನ್ನು ಅದು 'ಪ್ರಕೃತ್ಯಮಿತ್ರ' ಎಂದು ಕರೆಯುತ್ತದೆ, ಅಂದರೆ ಹುಟ್ಟಾ ಶತ್ರು. ಅವನ ಬೇರನ್ನೇ ಕೀಳಬೇಕು ಎಂದು ವಿಕ್ರಮಾದಿತ್ಯ ಹೊರಟ. ಯುದ್ಧದಲ್ಲಿ ನಂದಿವರ್ಮನ ವಾದ್ಯಗಳು, ಖಟ್ವಾಂಗದ (ತುದಿಯಲ್ಲಿ ತಲೆಬುರುಡೆ ಇರುವ ಕೋಲು) ಬಾವುಟ, ಆನೆಗಳು, ಮಾಣಿಕ್ಯದ ರಾಶಿ ವಶವಾದವು. ಆಮೇಲೆ ಕಂಚಿಯನ್ನು ಹಾಳು ಮಾಡದೆ ಒಳಗೆ ಹೋದ, ಬ್ರಾಹ್ಮಣರಿಗೆ, ದೀನರಿಗೆ, ದಿಕ್ಕಿಲ್ಲದವರಿಗೆ ದಾನ ಕೊಟ್ಟ, ರಾಜಸಿಂಹೇಶ್ವರ ಮತ್ತಿತರ ಗುಡಿಗಳಿಗೆ ಚಿನ್ನದ ರಾಶಿಯನ್ನು ತಿರುಗಿ ಕೊಟ್ಟ.

ಇಲ್ಲಿ ಒಂದು ಎಚ್ಚರಿಕೆ. ಈ ಕಥೆಯನ್ನು ಹೇಳುವಾಗ ನಮ್ಮವರು ವಿಕ್ರಮಾದಿತ್ಯ ಏನನ್ನೂ ಮುಟ್ಟದ ಸಂತ ಎಂಬಂತೆ ಹೇಳುತ್ತಾರೆ. ಅದು ಅತಿಯಾಯಿತು. ರಾಜನ ಆನೆ, ಮಾಣಿಕ್ಯ, ಬಾವುಟ ಎಲ್ಲ ಬಾದಾಮಿಗೆ ಹೋಯಿತು. ಬಿಟ್ಟಿದ್ದು ದೇವರ ಗಂಟು ಮತ್ತು ಊರು. ಮುಂದೆ ಕೀರ್ತಿವರ್ಮ ಯುವರಾಜನಾಗಿದ್ದಾಗಲೇ ಮತ್ತೊಮ್ಮೆ ಕಂಚಿಯ ಮೇಲೆ ಏರಿಹೋಗಿ ಆನೆ, ಚಿನ್ನ, ರತ್ನ ತಂದ. ಆದರೂ ಆ ಕಾಲದ ಲೆಕ್ಕದಲ್ಲಿ ಹುಟ್ಟಾ ಶತ್ರುವಿನ ಊರನ್ನು ಸುಡದೆ ಬಿಟ್ಟದ್ದು ಸಣ್ಣ ಮಾತಲ್ಲ.

ವಿಕ್ರಮಾದಿತ್ಯ ಕಂಚಿಯಿಂದ ಇನ್ನೊಂದು ವಸ್ತುವನ್ನೂ ಒಯ್ದ, ಕಣ್ಣಲ್ಲಿ ತುಂಬಿಕೊಂಡು. ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಲೋಕೇಶ್ವರ ಗುಡಿಯನ್ನು ನಾವು ವಿರೂಪಾಕ್ಷ ಎನ್ನುತ್ತೇವೆ. ಕೈಲಾಸನಾಥವನ್ನು ನೋಡಿ ಒಂದು ವಾರದೊಳಗೆ ಪಟ್ಟದಕಲ್ಲಿಗೆ ಹೋದರೆ ನಿಮಗೇ ಗೊತ್ತಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರ, ಸುತ್ತಲೂ ಸಣ್ಣ ಗುಡಿಗಳ ಪ್ರಾಕಾರ, ಎಲ್ಲ ಪರಿಚಿತ ಮುಖಗಳು. ಅಲ್ಲಿನ ಶಾಸನ ವಿಕ್ರಮಾದಿತ್ಯ ಕಂಚಿಯನ್ನು 'ಮೂಮೆ' ಗೆದ್ದ ಎನ್ನುತ್ತದೆ, ಅಂದರೆ ಮೂರು ಸಲ. ಗುಂಡ ಎಂಬ ಸೂತ್ರಧಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದನ್ನೂ ಬರೆದಿದೆ. ಇನ್ನೊಬ್ಬ ಶಿಲ್ಪಿ ಸರ್ವಸಿದ್ಧಿ ಆಚಾರಿ, ಅವನನ್ನು ತೆಂಕಣ ದಿಸೆಯ ಸೂತ್ರಧಾರಿ ಎಂದು ಕರೆದಿದ್ದಾರೆ. ತೆಂಕಣ ಎಂದರೆ ದಕ್ಷಿಣ ದೇಶದಿಂದ, ಅಂದರೆ ಕಂಚಿಯ ಕಡೆಯಿಂದ ಬಂದವನು ಎಂದು ಕೆಲವರು, ಗುಡಿಯ ದಕ್ಷಿಣ ಭಾಗ ಕಟ್ಟಿದವನು ಎಂದು ಕೆಲವರು. ಆ ಒಂದು ಪದದ ಮೇಲೆ ವಿದ್ವಾಂಸರು ಇನ್ನೂ ಜಗಳ ಆಡುತ್ತಾರೆ. ನನ್ನ ಒಲವು ಮೊದಲನೆಯದರ ಕಡೆ, ಗುಡಿ ನೋಡಿದ ಮೇಲೆ ಬೇರೆ ಅನ್ನಿಸುವುದಿಲ್ಲ.

ಊರು ಎಷ್ಟು ಹಳೆಯದು ಅಂತ ಕೇಳಿದಿರಿ. ಸುಲಭವಾಗಿ ಎರಡು ಸಾವಿರ ವರ್ಷ ದಾಟುತ್ತದೆ. ಕ್ರಿಸ್ತಪೂರ್ವ 2ನೇ ಶತಮಾನದ ಪತಂಜಲಿ ವ್ಯಾಕರಣದ ಉದಾಹರಣೆ ಕೊಡುವಾಗ ಕಾಂಚೀಪುರದ ಹೆಸರು ಎತ್ತುತ್ತಾನೆ. ಸಂಗಂ ಕಾಲದ ಪೆರುಂಪಾಣಾಟ್ರುಪ್ಪಡೈ ಎಂಬ ತಮಿಳು ಕಾವ್ಯ ಕಚ್ಚಿಯ ದೊರೆ ತೊಂಡೈಮಾನ್ ಇಳಂದಿರೈಯನ್ ಮೇಲಿನದು. ಕಚ್ಚಿ ಎಂದರೆ ಕಂಚಿಯೇ. ಬಡ ಪಾಣನೊಬ್ಬನಿಗೆ, ಅಂದರೆ ಊರೂರು ತಿರುಗುವ ಹಾಡುಗಾರನಿಗೆ, ದಾರಿ ಹೇಳುವ ಕಾವ್ಯ ಅದು. ಯಾವ ಹಳ್ಳಿಯಲ್ಲಿ ಯಾವ ಊಟ ಸಿಗುತ್ತದೆ ಎಂದೆಲ್ಲ ಹೇಳುತ್ತಾ ಹೋಗುತ್ತದೆ. ನಡುವೆ ಸಮುದ್ರದ ದಡದಲ್ಲಿ ರಾತ್ರಿ ದೀಪ ಉರಿಸಿ ಹಡಗುಗಳನ್ನು ಕರೆಯುವ ಎತ್ತರದ ಮಾಡವೂ ಬರುತ್ತದೆ. ಕೊನೆಗೆ ಕಂಚಿ ಕಾಣಿಸಿದಾಗ, ವಿಷ್ಣುವಿನ ಹೊಕ್ಕುಳ ತಾವರೆಯ ನಡುವಿನ ಬೊಡ್ಡೆಯ ಹಾಗಿರುವ ಇಟ್ಟಿಗೆ ಗೋಡೆಯ ಊರು ಎನ್ನುತ್ತದೆ. 4ನೇ ಶತಮಾನದ ಸಮುದ್ರಗುಪ್ತನ ಅಲಹಾಬಾದ್ ಸ್ತಂಭಶಾಸನದಲ್ಲಿ ಕಂಚಿಯ ವಿಷ್ಣುಗೋಪ ಸೋತ ರಾಜರ ಪಟ್ಟಿಯಲ್ಲಿದ್ದಾನೆ. ಏಳು ಮೋಕ್ಷಪುರಿಗಳಲ್ಲಿ ದಕ್ಷಿಣದ ಪಾಲಿಗೆ ಬಂದದ್ದು ಇದೊಂದೇ. "ನಗರೇಷು ಕಾಂಚಿ" ಎಂಬ ಸಾಲನ್ನು ಎಲ್ಲರೂ ಕಾಳಿದಾಸನ ತಲೆಗೆ ಕಟ್ಟುತ್ತಾರೆ, ಆದರೆ ಅದು ಅವನ ಉಳಿದಿರುವ ಕೃತಿಗಳಲ್ಲಿ ಸಿಗುವುದಿಲ್ಲ.

ಆದರೆ ಹಳೇ ಕಂಚಿ ಬರೀ ಗುಡಿ ಗೋಪುರಗಳ ಊರಾಗಿರಲಿಲ್ಲ. ಈಗ ಶಿವಕಂಚಿ, ವಿಷ್ಣುಕಂಚಿ ಅಂತ ಎರಡು ಪಾಲು ಮಾಡಿ ಮಾತಾಡುತ್ತೇವಲ್ಲ, ಆಗ ಬೌದ್ಧರೂ ಜೈನರೂ ಅಷ್ಟೇ ದೊಡ್ಡ ಗುಂಪು. ಸುಮಾರು 640ರಲ್ಲಿ ಬಂದ ಚೀನಾದ ಹ್ಯೂಯೆನ್ ತ್ಸಾಂಗ್ ನೂರರಷ್ಟು ವಿಹಾರ, 10,000 ಭಿಕ್ಷುಗಳು, ಎಂಬತ್ತರಷ್ಟು ದೇವಾಲಯ, ಜೊತೆಗೆ ಬಹಳ ಜನ ಜೈನರು ಎಂದು ಬರೆದಿಟ್ಟಿದ್ದಾನೆ. ನಾಳಂದದ ಮುಖ್ಯಸ್ಥನಾಗಿದ್ದ ಧರ್ಮಪಾಲ ಕಂಚಿಯವನೇ. ತಮಿಳಿನ ಮಣಿಮೇಖಲೈ ಕಾವ್ಯದ ನಾಯಕಿ ಬರಗಾಲದಲ್ಲಿ ತನ್ನ ಅಕ್ಷಯಪಾತ್ರೆ ಹಿಡಿದು ಹಸಿದವರಿಗೆ ಉಣಬಡಿಸಲು ಬರುವುದೂ ಇದೇ ಊರಿಗೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾಮಾಕ್ಷಿ ಗುಡಿಯ ಪ್ರಾಕಾರದೊಳಗೇ ನಿಂತ ಬುದ್ಧನ ದೊಡ್ಡ ಮೂರ್ತಿ ಸಿಕ್ಕಿತು, ಅದು ಈಗ ಚೆನ್ನೈ ಮ್ಯೂಸಿಯಂನಲ್ಲಿದೆ.

ಈ ಎಲ್ಲರೂ ಒಂದೇ ಬೀದಿಯಲ್ಲಿ ಓಡಾಡುತ್ತಿದ್ದಾಗ ಊರು ಹೇಗಿತ್ತು? ಅದಕ್ಕೆ ಪುಲಕೇಶಿಯ ಎದುರಾಳಿ ಮಹೇಂದ್ರವರ್ಮನೇ ಬರೆದ ಮತ್ತವಿಲಾಸ ಎಂಬ ಸಂಸ್ಕೃತ ಪ್ರಹಸನ ನೋಡಬೇಕು. ಕಥೆ ನಡೆಯುವುದು ಕಂಚಿಯ ಬೀದಿಯಲ್ಲಿ. ಸತ್ಯಸೋಮ ಎಂಬ ಕಾಪಾಲಿಕ, ಅಂದರೆ ತಲೆಬುರುಡೆಯಲ್ಲಿ ಭಿಕ್ಷೆ ಬೇಡುವ ಶೈವ ಸನ್ಯಾಸಿ, ತನ್ನ ಗೆಳತಿಯ ಜೊತೆ ಚೆನ್ನಾಗಿ ಕುಡಿದಿದ್ದಾನೆ. ಭಿಕ್ಷೆಯ ತಲೆಬುರುಡೆ ಕಳೆದುಹೋಗಿದೆ. ಅದೇ ಹೊತ್ತಿಗೆ ಒಬ್ಬ ಬೌದ್ಧ ಭಿಕ್ಷು ಶ್ರೀಮಂತ ಸೆಟ್ಟಿಯ ಮನೆಯ ಭರ್ಜರಿ ಊಟ ಮುಗಿಸಿ, ಬುದ್ಧ ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟವನು ಹೆಂಡ ಹೆಣ್ಣಿಗೆ ಮಾತ್ರ ಯಾಕೆ ಒಪ್ಪಿಗೆ ಕೊಡಲಿಲ್ಲ ಅಂತ ಯೋಚಿಸುತ್ತಾ ಬರುತ್ತಾನೆ. ಬಟ್ಟೆಯೊಳಗೆ ಏನೋ ಮುಚ್ಚಿಟ್ಟುಕೊಂಡಿದ್ದಾನೆ. ಕಾಪಾಲಿಕ ಅವನನ್ನು ಹಿಡಿದು ಕಳ್ಳ ಎನ್ನುತ್ತಾನೆ. ಪಂಚಾಯಿತಿ ಮಾಡಲು ಇನ್ನೊಂದು ಶೈವ ಪಂಥದ ಒಬ್ಬ ಪಾಶುಪತ ಬರುತ್ತಾನೆ. ಬುರುಡೆಯಲ್ಲಿ ಹುರಿದ ಮಾಂಸ ಇದ್ದದ್ದರಿಂದ ಅದನ್ನು ಎತ್ತಿಕೊಂಡು ಹೋದದ್ದು ನಾಯಿ ಎಂದು ಕೊನೆಗೆ ಗೊತ್ತಾಗುತ್ತದೆ. ಒಬ್ಬ ಹುಚ್ಚ ನಾಯಿಯಿಂದ ಕಿತ್ತು ತಂದು ಕೊಡುತ್ತಾನೆ. ರಾಜನೇ ಕೂತು ತನ್ನ ರಾಜಧಾನಿಯ ಸನ್ಯಾಸಿಗಳನ್ನೆಲ್ಲ ಇಷ್ಟು ನಗೆಯಾಡಿದ ಅಂದರೆ, ಆ ಊರಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಇತ್ತು ಅಂತಲೇ ಅಲ್ವಾ?

ರಾಜಸಿಂಹನ ಕಾಲದ ಕಂಚಿಯಲ್ಲೇ ಸಂಸ್ಕೃತ ಕವಿ ದಂಡಿ ಇದ್ದ. ಕಾವ್ಯದ ಲಕ್ಷಣ ಹೇಳುವ ಅವನ ಕಾವ್ಯಾದರ್ಶವನ್ನು ಎದುರಿಗಿಟ್ಟುಕೊಂಡೇ 9ನೇ ಶತಮಾನದಲ್ಲಿ ಕನ್ನಡದ ಕವಿರಾಜಮಾರ್ಗ ಹುಟ್ಟಿತು. ನಮ್ಮ ಭಾಷೆಯ ಉಳಿದಿರುವ ಮೊದಲ ಗ್ರಂಥಕ್ಕೂ ಕಂಚಿಯ ಸಾಲ ಇದೆ.

ಜೈನರ ಕಂಚಿ ಊರ ಹೊರಗೆ ತಿರುಪ್ಪರುತ್ತಿಕುನ್ರಂನಲ್ಲಿ ಉಳಿದಿದೆ. ಅಲ್ಲಿನ ಸಂಗೀತ ಮಂಟಪ ಕಟ್ಟಿಸಿದ್ದು ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪ, 1387ರ ಸುಮಾರಿಗೆ. ಹಂಪಿಯಲ್ಲಿ ಗಾಣಗಿತ್ತಿ ಬಸದಿ ನೋಡಿದ್ದೀರಾ? 1385ರಲ್ಲಿ ಅದನ್ನು ಕಟ್ಟಿಸಿದವನೂ ಇವನೇ.

ರೇಷ್ಮೆ ವಿಷಯಕ್ಕೆ ಬರುತ್ತೇನೆ, ಮದುವೆ ಮನೆಯವರಿಗೆ ಅದೇ ಮುಖ್ಯ. ನೇಯ್ಗೆ ಹಳೆಯದು, ರೇಷ್ಮೆ ಅಷ್ಟು ಹಳೆಯದಲ್ಲ. ಪಲ್ಲವರು ಹೋಗಿ ಚೋಳರು ಬಂದ ಮೇಲೆ, 10ನೇ ಶತಮಾನದ ಕೊನೆಯ ಉತ್ತಮ ಚೋಳನ ತಾಮ್ರಪಟಗಳಲ್ಲಿ ಕಂಚಿಯ ನೇಕಾರರ ನಾಲ್ಕು ಕೇರಿಗಳ ಹೆಸರಿದೆ. ಕಂಚಿಯ ಊರಗಂ ಗುಡಿಯ ದೇವರ ಹಣಕಾಸು ನೋಡಿಕೊಳ್ಳುವ ಜವಾಬ್ದಾರಿಯನ್ನು ಆ ಕೇರಿಗಳವರಿಗೆ ವಹಿಸಿದ್ದರು. ನೇಕಾರರು ಗುಡಿಯ ಲೆಕ್ಕ ಇಡುವಷ್ಟು ಗಟ್ಟಿ ಕುಳಗಳು. ಈಗಿನ ರೇಷ್ಮೆ ಕಸುಬಿನ ಬೇರು ಮಾತ್ರ ವಿಜಯನಗರ ಕಾಲದಲ್ಲಿ ಆಂಧ್ರದ ಕಡೆಯಿಂದ ಬಂದು ನೆಲೆಸಿದ ದೇವಾಂಗ ಮತ್ತು ಸಾಲಿಯ ನೇಕಾರರಲ್ಲಿದೆ ಎಂದು ಹೇಳುತ್ತಾರೆ. ಹಾಗಾಗಿ ಊರು ಬೆಳೆದದ್ದು ರೇಷ್ಮೆಯಿಂದ ಅಲ್ಲ. ಓದು, ಗುಡಿ, ವ್ಯಾಪಾರ, ಹತ್ತಿಬಟ್ಟೆ ಮೊದಲು ಬಂದವು, ರೇಷ್ಮೆ ಬಂದದ್ದು ಕೊನೆಯ ಪಂಕ್ತಿಗೆ.

ನೀವು ತಂದ ಸೀರೆಯನ್ನು ಒಮ್ಮೆ ಮಗುಚಿ ನೋಡಿ. ನಿಜವಾದ ಕೋರ್ವೈ ನೇಯ್ಗೆಯಾದರೆ ಅಂಚಿಗೂ ಒಡಲಿಗೂ ಬೇರೆ ಬೇರೆ ಲಾಳಿ. ಎರಡೂ ಅಂಚಿಗೆ ಒಂದೊಂದು, ಒಡಲಿಗೆ ಒಂದು, ಒಟ್ಟು ಮೂರು. ಒಬ್ಬರ ಕೈ ಸಾಲದು, ಮಗ್ಗದ ಪಕ್ಕದಲ್ಲಿ ಸಹಾಯಕ್ಕೆ ಇನ್ನೊಬ್ಬರು ಬೇಕು. ಅಂಚು ಒಡಲು ಸೇರುವ ಕಡೆ ನೂಲುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಸೆರಗಿನ ಬಣ್ಣ ಬದಲಾಗುವ ಕಡೆ ಹಳೇ ಹಾಸಿನ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಸೇರಿಸುವ ಕೆಲಸಕ್ಕೆ ಪೇಟ್ನಿ ಎನ್ನುತ್ತಾರೆ. ಜರಿಯನ್ನು ಮೆಲ್ಲಗೆ ಉಜ್ಜಿದರೆ ಒಳಗೆ ಕೆಂಪು ರೇಷ್ಮೆ ನೂಲು ಕಾಣಬೇಕು. ಆ ಜರಿ ಬರುವುದು ಸೂರತ್‌ನಿಂದ. ನೂಲು ಹೆಚ್ಚಾಗಿ ಬರುವುದು ನಮ್ಮ ಕಡೆಯಿಂದ, ರಾಮನಗರ ಶಿಡ್ಲಘಟ್ಟದ ಗೂಡು ಕೊನೆಗೆ ಕಂಚಿಯ ಮಗ್ಗ ಏರುತ್ತದೆ.

ಕಂಚಿಯ ಸುತ್ತಮುತ್ತ ನಮ್ಮವರ ಹೆಜ್ಜೆ ಇನ್ನೂ ಬೇಕಾದಷ್ಟಿವೆ, ಎಲ್ಲವನ್ನೂ ಬರೆಯಲು ಕೂತರೆ ಮದುವೆ ಮುಗಿದುಹೋಗುತ್ತದೆ. ಹತ್ತಿರದ ತಕ್ಕೋಲಂನಲ್ಲಿ 949ರಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಚೋಳರನ್ನು ಸೋಲಿಸಿದ. ಆಮೇಲೆ ಅವನ ತಮಿಳು ಶಾಸನಗಳು ಅವನನ್ನು 'ಕಚ್ಚಿಯೂ ತಂಜೈಯೂ ಗೆದ್ದ ಕನ್ನರದೇವ' ಎಂದೇ ಕರೆಯುತ್ತವೆ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಆತಕೂರು ಶಾಸನ ಇದೆಯಲ್ಲ, ಅದರಲ್ಲೂ ಈ ಯುದ್ಧದ ಸುದ್ದಿ ಬರುತ್ತದೆ. ಏಕಾಂಬರನಾಥ ಗುಡಿಯ ದಕ್ಷಿಣದ ರಾಯಗೋಪುರ ಕೃಷ್ಣದೇವರಾಯ 1509ರಲ್ಲಿ ಎತ್ತಿಸಿದ್ದು.

ಒಂದು ಹಳ್ಳಿಯ ಹೆಸರು ಮಾತ್ರ ಬಿಡಲಾರೆ, ಪುಳ್ಳಲೂರು. ಕಂಚಿಯಿಂದ ಸ್ವಲ್ಪವೇ ದೂರ. ಮಹೇಂದ್ರವರ್ಮ ಪುಳ್ಳಲೂರಿನಲ್ಲಿ ಶತ್ರುಗಳನ್ನು ಬಡಿದಟ್ಟಿದ ಎಂದು ಪಲ್ಲವರ ಕಶಾಕುಡಿ ತಾಮ್ರಪಟ ಹೇಳುತ್ತದೆ. ಆ ಶತ್ರು ಪುಲಕೇಶಿಯೇ ಎಂಬುದು ಇತಿಹಾಸಕಾರರ ಸಾಮಾನ್ಯ ತಿಳುವಳಿಕೆ. ಅದೇ ಹಳ್ಳಿಯಲ್ಲಿ, ಸಾವಿರದ ನೂರಕ್ಕೂ ಜಾಸ್ತಿ ವರ್ಷಗಳ ನಂತರ, 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ಪಡೆಯನ್ನು ಮುಗಿಸಿದರು. ಇಂಗ್ಲಿಷರ ಬಾಯಲ್ಲಿ ಊರು ಪೊಲ್ಲಿಲೂರ್ ಆಯಿತು. ದೊಡ್ಡ ಸೈನ್ಯದ ಜೊತೆ ಕಂಪನಿಯ ಸೇನಾಪತಿ ಹೆಕ್ಟರ್ ಮನ್ರೋ ಕಂಚಿಯಲ್ಲೇ ಕೂತಿದ್ದ, ಸಮಯಕ್ಕೆ ಬರಲಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲಿ ಪಲ್ಲಕ್ಕಿಯೊಳಗೆ ಬೆರಳು ಕಚ್ಚಿಕೊಂಡು ಕೂತ ಬೈಲಿಯನ್ನು ನೀವು ನೋಡೇ ಇರುತ್ತೀರಿ. ಆ ಚಿತ್ರ ಈ ಕಂಚಿ ಪಕ್ಕದ ಹಳ್ಳಿಯದ್ದು.

ರವಿಕೆ ಬಟ್ಟೆಗೋ ಇನ್ನೊಂದು ಸೀರೆಗೋ ನೀವು ಮತ್ತೆ ಕಂಚಿಗೆ ಹೋಗೇ ಹೋಗುತ್ತೀರಿ. ಆಗ ಅಂಗಡಿಗೆ ಮೊದಲು ಕೈಲಾಸನಾಥಕ್ಕೆ ಹೋಗಿ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ. ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ. ಅಡಿಪಾಯ ಗಟ್ಟಿಕಲ್ಲಿನದು, ಮೇಲಿನದೆಲ್ಲ ಮರಳುಗಲ್ಲು, ಬೆರಳು ಸವರಿದರೆ ಪುಡಿ ಬರುತ್ತದೆ, ಆದ್ದರಿಂದ ಗೋಡೆ ಮುಟ್ಟಬೇಡಿ. ಪ್ರಾಕಾರದ 58 ಸಣ್ಣ ಗುಡಿಗಳನ್ನು ಸುತ್ತು ಹಾಕಿ, ಕೆಲವದರಲ್ಲಿ ಹಳೇ ಬಣ್ಣದ ಚಿತ್ರದ ತುಣುಕುಗಳು ಇನ್ನೂ ಅಂಟಿಕೊಂಡಿವೆ. ಗರ್ಭಗುಡಿಯಲ್ಲಿ ಹದಿನಾರು ಚಪ್ಪಟೆ ಮೈಗಳ ಲಿಂಗ ಇದೆ. ಅದರ ಸುತ್ತ ಪ್ರದಕ್ಷಿಣೆಗೆ ತೆವಳಿಕೊಂಡು ಹೋಗುವ ಕಿಂಡಿಯೂ ಇದೆ, ಮಂಡಿ ನೋವಿದ್ದರೆ ಅದನ್ನು ಬಿಡಿ. ಹೊರಗೆ ಬರುವಾಗ ಮಂಟಪದಲ್ಲಿ ನಿಂತು ಕಂಬಗಳ ಹಿಂಬದಿಗೆ ಹೋಗಿ. ಟಾರ್ಚ್ ಮರೆಯಬೇಡಿ, ಮೊಬೈಲಿನದ್ದೂ ಆಗುತ್ತದೆ, ಪಕ್ಕದಿಂದ ಹಿಡಿಯಿರಿ. ಮಗಳನ್ನೂ ಅಳಿಯನನ್ನೂ ಕರೆದುಕೊಂಡು ಹೋದರೆ ಒಬ್ಬರು ಬೆಳಕು ಹಿಡಿಯಲು ಸಿಗುತ್ತಾರೆ.